ಬೆಕ್ಕಿಗೆ ಹೇಳಿದ ಅಡಿಗೆ

ಹೊನ್ನಯ್ಯ ಊದುಗೊಳವೆಯನ್ನು ಬಾಯಿಂದ ತೆಗೆದು ಕೆಮ್ಮಿದ. ಬಲೆಯ ಕೊಟ್ಟಿಗೆಯ ತುಂಬ ಹೊಗೆ. ಮೂರು ಕಲ್ಲುಗಳ ನಡುವೆ ತುರುಕಿದ ತೆಂಗಿನ ಮಡಲು ಒಮ್ಮೆ ಭಗ್ಗೆಂದು ಉರಿದು ಅಳಗೆಯ ಅಡಿಯನ್ನು ಸುಡುವುದು, ಮರುಗಳಿಗೆಯಲ್ಲಿ ಹೊಗೆಯಾಗುವುದು, ಮತ್ತೆ ಊದಿದರೆ ಮತ್ತೆ ಭಗ್ಗೆನ್ನುವುದು. ಕುಚ್ಚಲಕ್ಕಿ ಬೆಂದಿತೋ ಇಲ್ಲವೋ ಎಂದು ಬಗ್ಗಿ ನೋಡಿದರೆ ಕಣ್ಣಿನಲ್ಲಿ ನೀರು ಬಂತೇ ಹೊರತು ಅಕ್ಕಿ ಕಾಣಲಿಲ್ಲ. ಕರಕಲು ವಾಸನೆ ಮಾತ್ರ ಎದ್ದಿತು.

"ಪುಚ್ಚೇ," ಎಂದು ಅಂಗಳದ ಆಚೆ, ಅಡಿಗೆಮನೆಯ ಹೊಸ್ತಿಲಿನಿಂದ ಸೊಸೆ ಪುಷ್ಪಾವತಿಯ ಸ್ವರ ಕೇಳಿತು. "ಗಂಜಿ ತಳ ಹಿಡಿದ ವಾಸನೆ ಬರ್ತಾ ಉಂಟು ನೋಡು. ಗಂಜಿಗೆ ಮಡಲು ಉರಿಸುವವರನ್ನು ನೀನು ಎಲ್ಲಿಯಾದರೂ ಕಂಡಿದ್ದೀಯಾ? ಮಡಲು ಹೊತ್ತಿಸಲಿಕ್ಕೆ. ಬೇಯಲಿಕ್ಕೆ ಮಡಲಿನ ಬುಡದ ಕೊತ್ತಳಿಗೆ ಬೇಕು. ಆದರೆ ಹೇಳುವುದು ಯಾರಿಗೆ?"

ಮನೆಗೂ ಕೊಟ್ಟಿಗೆಗೂ ನಡುವೆ ಬಿದ್ದಿದ್ದ ತೆಂಗಿನ ಕಾಂಡದ ಮೇಲೆ ಕುಳಿತ ಪುಚ್ಚೆ ಎಂಬ ಬೂದು ಬೆಕ್ಕು ತನ್ನ ಮುಂಗಾಲನ್ನು ನೆಕ್ಕಿಕೊಳ್ಳುತ್ತಿತ್ತು. ಹೊನ್ನಯ್ಯನೂ ಅದರ ಕಡೆಗೇ ಮುಖ ತಿರುಗಿಸಿದ.

"ಪುಚ್ಚೆ, ಕರಕಲು ಗಂಜಿ ತಿಂದು ಈ ಊರಿನಲ್ಲಿ ಯಾರೂ ಸತ್ತದ್ದಿಲ್ಲ ಅಂತ ಹೇಳು ಅವಳಿಗೆ. ಸತ್ತದ್ದು ಬೇರೆಯದನ್ನು ಕುಡಿದು."

ಅಡಿಗೆಮನೆಯ ಬಾಗಿಲು ಮುಚ್ಚಿದ ಸದ್ದಾಯಿತು. ಬೆಕ್ಕು ಇನ್ನೊಂದು ಕಾಲನ್ನು ನೆಕ್ಕತೊಡಗಿತು.

ಶಿರಿಯದ ಕಡಲ ಬದಿಯಲ್ಲಿ ಹೊನ್ನಯ್ಯನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ತಂಡೇಲರು ಎಂದೇ ಕರೆಯುವುದು. ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿ ಉಂಟು ಎಂದು ಹೇಳುವವನು; ದಡದಲ್ಲಿ ನಿಂತು ಒಂದು ಕೂಗು ಹಾಕಿದರೆ ರಂಪಣಿ ಬಲೆಯ ಎರಡು ಹಗ್ಗದವರೂ ಒಂದೇ ಉಸಿರಿನಲ್ಲಿ ಎಳೆಯುವಂತೆ ಮಾಡುವವನು. ಮಂಡಿ ಸೋತ ಮೇಲೆ ಆ ಕೆಲಸವನ್ನು ಮಗ ಕಿಟ್ಟಣ್ಣನ ವಾರಗೆಯವರಿಗೆ ಬಿಟ್ಟಿದ್ದ, ಸ್ವರವನ್ನು ಬಿಟ್ಟಿರಲಿಲ್ಲ. ಇಂಥವನು ಮುದಿ ವಯಸ್ಸಿನಲ್ಲಿ, ರೇಶನ್ ಅಕ್ಕಿಗೆ ಊರೆಲ್ಲ ಸಾಲು ನಿಲ್ಲುತ್ತಿದ್ದ ಆ ವರ್ಷ, ಜನ್ಮದಲ್ಲಿ ಮೊದಲ ಬಾರಿಗೆ ಒಲೆಯ ಮುಂದೆ ಕುಳಿತ. ಕುಳ್ಳಿರಿಸಿದ್ದು ಹಸಿವಲ್ಲ, ಹಟ.

ಹಿಂದಿನ ಸುಗ್ಗಿಯಲ್ಲಿ ಅವನ ಹೆಂಡತಿ ದಾರುವಿಗೆ ಕಾಮಾಲೆ ಆಯಿತು. ವರ್ಕಾಡಿಯ ಕಡೆಯಿಂದ ಬಂದ ಪಂಡಿತರು ಬೇರು ಅರೆದು ಕೊಟ್ಟು, ಕಟ್ಟುನಿಟ್ಟಿನ ಪಥ್ಯ ಹೇಳಿದರು. ಉಪ್ಪಿಲ್ಲದ ಗಂಜಿ, ಅದರ ತೆಳಿ, ಅಷ್ಟೆ. ಮೀನಿನ ವಾಸನೆಯೂ ಆಗದು. ಹೊನ್ನಯ್ಯ ಒಳಕೋಣೆಯ ಬಾಗಿಲಿನಲ್ಲಿ ಕಾವಲು ಕುಳಿತ. ದೇವರ ಮೇಲೆ ಭಾರ ಹಾಕಿದ್ದೇನೆ ಎನ್ನುತ್ತಿದ್ದ, ಆದರೆ ಬಾಗಿಲು ಬಿಟ್ಟು ಏಳುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಭಜನಾಮಂದಿರಕ್ಕೆ ಹೋಗಿ ಎಣ್ಣೆ ಕೊಟ್ಟು ಬಂದ. ಬಂದು ನೋಡಿದರೆ ದಾರುವಿನ ಚಾಪೆಯ ಪಕ್ಕದಲ್ಲಿ ಒಂದು ತೆಂಗಿನ ಗೆರಟೆ, ಗೆರಟೆಯ ತಳದಲ್ಲಿ ಕೆಂಪು ರಸ. ಹಿತ್ತಿಲಿನಲ್ಲಿ ಇನ್ನೂ ಒದ್ದೆ ಆರದ ಮರುವಾಯಿ ಚಿಪ್ಪುಗಳು.

ಮರುವಾಯಿ ಎಂದರೆ ಹೊಳೆಯ ಕೆಸರಿನಲ್ಲಿ ಹುಗಿದುಕೊಂಡಿರುವ ಚಿಪ್ಪುಮೀನು. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲು ನೀರಿಗಿಳಿದು ಹೆಕ್ಕುವುದು. ಹೊನ್ನಯ್ಯ ಅದನ್ನು ಮನೆಗೆ ಸೇರಿಸಿದವನಲ್ಲ. "ಕಡಲಿನವನ ಮನೆಯಲ್ಲಿ ಕೆಸರು ಬೇಯಿಸುವುದೆಂತ?" ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದ, ಆಮೇಲೆ ಹೇಳುವ ಅಗತ್ಯ ಬಿದ್ದಿರಲಿಲ್ಲ. ಆ ಕೆಸರನ್ನೇ ಸೊಸೆ ಪಥ್ಯದಲ್ಲಿದ್ದವಳಿಗೆ ಕುಡಿಸಿದ್ದಳು. ಮರುದಿನ ಮಧ್ಯಾಹ್ನ ದಾರು ಸತ್ತಳು.

ಬೂದಿ ಆರುವ ಮೊದಲೇ, ನೆರೆಕರೆಯ ಮಂದಿ ಅಂಗಳದಲ್ಲಿ ಇರುವಾಗಲೇ, ಹೊನ್ನಯ್ಯ ದಡದಲ್ಲಿ ಕೂಗುವ ಸ್ವರದಲ್ಲೇ ಹೇಳಿದ: "ಕೊಂದದ್ದು ಇವಳು. ಇನ್ನು ಇವಳ ಕೈಯ ನೀರು ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ."

ಪುಷ್ಪಾವತಿ ಅಳಲಿಲ್ಲ, ಇಲ್ಲ ಎನ್ನಲಿಲ್ಲ. ಅಂದಿನಿಂದ ಮಾವನ ಜೊತೆ ಮಾತು ಬಿಟ್ಟಳು. ಅವನೂ ಬಿಟ್ಟ. ಒಂದೇ ಅಂಗಳದಲ್ಲಿ ಬದುಕುವವರಿಗೆ ಹೇಳಲೇಬೇಕಾದದ್ದು ಏನಾದರೂ ಇದ್ದೇ ಇರುತ್ತದೆ. ಅದನ್ನೆಲ್ಲ ಕೇಳಿಸಿಕೊಳ್ಳುವ ಪಾಡು ಬೆಕ್ಕಿನದಾಯಿತು.

ಮೊದಮೊದಲು ಅವಳು ಮನೆಯ ಮರ್ಯಾದೆಗೆಂದು ಒಂದು ಬಟ್ಟಲಿನಲ್ಲಿ ಅನ್ನ, ಸಾರು ಬಡಿಸಿ, ಬಾಳೆಎಲೆ ಮುಚ್ಚಿ ಕೊಟ್ಟಿಗೆಯ ಹೊಸ್ತಿಲಿನಲ್ಲಿ ಇಟ್ಟು ಹೋಗುತ್ತಿದ್ದಳು. ಅನ್ನವನ್ನು ಚೆಲ್ಲುವಷ್ಟು ದೇವರಿಗೆ ಹೆದರದವನಲ್ಲ ಹೊನ್ನಯ್ಯ. ಬೆಕ್ಕನ್ನು ಕರೆದು ಮುಂದಿಡುತ್ತಿದ್ದ. "ತಿನ್ನು ಪುಚ್ಚೆ. ನೀನು ಗಟ್ಟಿ. ನಿನಗೆ ಎಂತ ಆಗ್ಲಿಕ್ಕೂ ಇಲ್ಲ," ಎಂದು ಅಡಿಗೆಮನೆಗೆ ಕೇಳುವ ಹಾಗೆ ಹೇಳುತ್ತಿದ್ದ. ಬೆಕ್ಕು ದುಂಡಗಾಯಿತು. ಬಟ್ಟಲು ಬರುವುದು ನಿಂತಿತು.

ಕಿಟ್ಟಣ್ಣ ಒಮ್ಮೆ ಕೇಳಿದ. "ಅಪ್ಪ, ಈ ಹೊಗೆ ಕುಡಿಯುವುದು ಎಷ್ಟು ದಿನ? ಊರಿನವರು ನಗಾಡ್ತಾರೆ."

"ನಗಾಡಲಿ. ನೀನು ಅಲ್ಲಿ ತಿನ್ತೀಯಲ್ಲ, ತಿನ್ನು. ನಾನು ಬೇಡ ಹೇಳಿದ್ದೇನಾ?"

ಅದೇ ಮಾತನ್ನು ಒಳಗೆ ಹೋಗಿ ಹೆಂಡತಿಯ ಹತ್ತಿರ ಎತ್ತಿದರೆ ಅವಳು, "ನಿಮ್ಮ ಅಪ್ಪನಿಗೆ ಕೈಯುಂಟು, ಕಾಲುಂಟು, ಬಾಯಿಯಂತೂ ಉಂಟೇ ಉಂಟು. ಬೇಯಿಸಿ ತಿನ್ನಲಿ," ಎಂದಳು. ಆಮೇಲೆ ಕಿಟ್ಟಣ್ಣ ದೋಣಿಯಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದ. ಗಾಳಿಯ ದಿನವೂ ಕಡಲಿಗೆ ಹೋಗುತ್ತಾನಲ್ಲ ಎಂದು ಉಳಿದವರು ಆಶ್ಚರ್ಯಪಟ್ಟರು.

ಹೊನ್ನಯ್ಯ ಕಲಿಯುತ್ತ ಹೋದ. ಅಕ್ಕಿ ತೊಳೆದ ನೀರನ್ನು ಎಷ್ಟು ಸಲ ಚೆಲ್ಲಬೇಕು, ಉಕ್ಕಿ ಬಂದಾಗ ಮುಚ್ಚಳವನ್ನು ಎಷ್ಟು ಸರಿಸಬೇಕು, ಇವೆಲ್ಲ ಕೈ ಸುಟ್ಟುಕೊಂಡೇ ತಿಳಿದವು. ಆದರೆ ಸುಟ್ಟ ಕೈ ಎಲ್ಲವನ್ನೂ ಹೇಳಿಕೊಡುವುದಿಲ್ಲ. ಗೆಳೆಯ ಮುದ್ದಣ್ಣ ಒಂದು ದಿನ ಬುಟ್ಟಿಯಲ್ಲಿ ಭೂತಾಯಿ ಮೀನು ತಂದುಕೊಟ್ಟ. ಹೊನ್ನಯ್ಯ ಹುಳಿ, ಮೆಣಸು ಅರೆದು ಮಣ್ಣಿನ ಬಿಸಲೆಗೆ ಹಾಕಿ, ಮೀನು ಹಾಕಿ, ಬೆಂದೀತೋ ಇಲ್ಲವೋ ಎಂಬ ಗಡಿಬಿಡಿಯಲ್ಲಿ ಮರದ ಕೈಲಿನಿಂದ ಕದಡಿದ್ದೇ ಕದಡಿದ್ದು. ಕೊನೆಗೆ ಬಿಸಲೆಯಲ್ಲಿ ಮೀನೇ ಇರಲಿಲ್ಲ.

"ಪುಚ್ಚೇ," ಎಂದಳು ಪುಷ್ಪಾವತಿ. ಅವಳು ಬಾವಿಕಟ್ಟೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ಬೆಂದ ಭೂತಾಯಿಗೆ ಕೈಲು ಹಾಕಿದರೆ ಆಗುವುದು ಸಾರಲ್ಲ, ಮುಳ್ಳಿನ ಪಾಯಸ. ಬಿಸಲೆಯನ್ನೇ ಎರಡು ಕೈಯಲ್ಲಿ ಹಿಡಿದು ಮೆಲ್ಲ ತಿರುಗಿಸುವುದು. ಅಲೆಯ ಮೇಲೆ ದೋಣಿ ತಿರುಗಿಸಿದ ಕೈ ಅಂತೆ, ಇಷ್ಟು ಗೊತ್ತಿಲ್ವಾ ಅದಕ್ಕೆ?"

"ಪುಚ್ಚೆ, ಬಾಯಿ ಮುಚ್ಚಲಿಕ್ಕೆ ಹೇಳು!"

ಆ ದಿನ ಮುಳ್ಳು ಹೆಕ್ಕಿ ಹೆಕ್ಕಿ ತಿಂದ. ಮರುದಿನ ಅಡಿಗೆಮನೆಯ ಬಾಗಿಲು ಮುಚ್ಚಿದೆಯೇ ಎಂದು ಎರಡು ಸಲ ನೋಡಿ, ಹಳೆ ಬಟ್ಟೆಯಲ್ಲಿ ಬಿಸಲೆಯ ಅಂಚು ಹಿಡಿದು ಮೆಲ್ಲ ತಿರುಗಿಸಿದ. ಮೀನು ತುಂಡಾಗದೆ ಕೆಂಪು ರಸದಲ್ಲಿ ಬಳುಕಿತು. ಆ ಸಾರು ರುಚಿಯಾಗಿತ್ತು. ರುಚಿಯಾದದ್ದಕ್ಕೇ ಅವನಿಗೆ ಸಿಟ್ಟು ಬಂತು. ವೈರಿಯಿಂದ ಕಲಿತ ವಿದ್ಯೆಯೂ ವಿದ್ಯೆಯೇ. ಬೆಂಕಿಗೆ ಯಾರ ಮುಖದ ಗುರುತೂ ಇಲ್ಲ.

ಕಡೆಯುವ ಕಲ್ಲು ಮನೆಗೆ ಒಂದೇ ಇದ್ದದ್ದು. ಅವಳು ಮೆಣಸು ಅರೆದು ಕಲ್ಲನ್ನು ತೊಳೆಯದೆ ಬಿಡುವಳು. ಅವನು ಬೈಯುತ್ತ ತೊಳೆದು, ತನ್ನದನ್ನು ಅರೆದು, ಬೇಕೆಂದೇ ಬೆಳ್ಳುಳ್ಳಿಯ ಸಿಪ್ಪೆಯನ್ನು ಗುಂಡಿಯಲ್ಲಿ ಉಳಿಸಿ ಏಳುವನು. ಕೊತ್ತಳಿಗೆಯ ರಾಶಿಯಿಂದ ಒಣಗಿದ್ದನ್ನೆಲ್ಲ ಅವಳು ಮೊದಲೇ ಒಳಗೆ ಸಾಗಿಸುವಳು. ಆಟಿ ತಿಂಗಳ ಮಳೆಗೆ ಕೊಟ್ಟಿಗೆಯೊಳಗೆ ನೀರು ನುಗ್ಗಿ ಒಲೆ ಮುಳುಗಿದಾಗ, ಹೊನ್ನಯ್ಯ ಮುರಿದ ದೋಣಿಯ ಹಲಗೆಯ ಮೇಲೆ ಕಲ್ಲುಗಳನ್ನು ಏರಿಸಿಕೊಂಡು ಕೊಡೆ ಹಿಡಿದು ಗಂಜಿ ಬೇಯಿಸಿದ. "ಪುಚ್ಚೇ, ಒಳಗೆ ಬಾ, ಇಲ್ಲಿ ಒಲೆಯ ಬುಡ ಬೆಚ್ಚಗೆ ಉಂಟು," ಎಂದು ಅವಳು ಕರೆದಳು. ಬೆಕ್ಕು ಹೋಯಿತು. ಅವನು ಹೋಗಲಿಲ್ಲ.

ಪ್ರತಿದಿನ ಉಣ್ಣುವ ಮೊದಲು ಅವನು ಒಂದು ತುತ್ತನ್ನು ಎಲೆಯ ತುದಿಗೆ ಸರಿಸಿ ದಾರುವಿನ ಹೆಸರು ಹೇಳುತ್ತಿದ್ದ. ಕರಕಲಾದ ದಿನ ಕ್ಷಮೆಯನ್ನೂ ಕೇಳುತ್ತಿದ್ದ. ಆ ತುತ್ತೂ ಬೆಕ್ಕಿಗೇ ಹೋಗುತ್ತಿತ್ತು, ಆದರೆ ಅದು ಬೇರೆ ಲೆಕ್ಕ.

ದೀಪಾವಳಿ ಹತ್ತಿರ ಬಂತು. ಆ ಅಮಾಸೆಗೆ ಸತ್ತವರಿಗೆ ಬಡಿಸುವ ಕ್ರಮ. ಒಳಕೋಣೆಯಲ್ಲಿ ಎಲೆ ಹಾಕಿ, ಸತ್ತವರು ಬದುಕಿರುವಾಗ ಇಷ್ಟಪಟ್ಟು ತಿಂದದ್ದನ್ನು ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದು ಎಲ್ಲರೂ ಹೊರಗೆ ಕೂರುವುದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಉಣ್ಣುವವರಿಗೆ ಏಳಲು ಸಮಯ ಕೊಟ್ಟು ತೆರೆಯುವುದು. ಎಲೆಯಲ್ಲಿದ್ದದ್ದನ್ನು ಆಮೇಲೆ ಮನೆಯವರೆಲ್ಲ ಹಂಚಿ ತಿನ್ನಬೇಕು. ಉಳಿಸುವಂತಿಲ್ಲ, ಉಗುಳುವಂತಿಲ್ಲ. ಬಡಿಸಿದ್ದು ಮನಸ್ಸಿಗೆ ಬರದಿದ್ದರೆ ಸತ್ತವರು ಹಸಿದೇ ಮರಳುತ್ತಾರೆ, ಹಸಿದು ಮರಳಿದವರು ಮತ್ತೆ ಆ ಮನೆಯ ದಾರಿ ಹಿಡಿಯುವುದಿಲ್ಲ ಎಂದು ನಂಬಿಕೆ. ಹೊನ್ನಯ್ಯನಿಗೆ ಬೇಕಾಗಿದ್ದದ್ದು ಅದೊಂದೇ: ದಾರು ಬರಬೇಕು, ಉಣ್ಣಬೇಕು. ಅಷ್ಟು ತಿಂಗಳ ಹೊಗೆ ಕುಡಿದದ್ದು ಇದಕ್ಕೇ ಇರಬೇಕು ಎಂದು ಅವನಿಗೇ ಒಮ್ಮೊಮ್ಮೆ ಅನಿಸುತ್ತಿತ್ತು.

ಕೊಟ್ಟಿಗೆಯ ಮುಂದೆ ಕುಳಿತು ಬಲೆಯ ಹರಕು ಹೆಣೆಯುತ್ತಿದ್ದ ಮುದ್ದಣ್ಣ ಕೇಳಿದ. "ದಾರಕ್ಕನಿಗೆ ಮೊದಲ ಸಲ ಬಡಿಸುವುದಲ್ವಾ. ಎಂತ ಮಾಡ್ತೀರಿ?"

"ಬಂಗುಡೆ. ದಪ್ಪ ಬಂಗುಡೆಯ ಪುಳಿಮುಂಚಿ. ನಾನೇ ಮಾಡುವುದು. ವಿಷ ಕೊಟ್ಟ ಕೈಯದ್ದನ್ನು ಅವಳಿಗೆ ಇನ್ನೊಮ್ಮೆ ಬಡಿಸಲಿಕ್ಕೆ ಬಿಡುವುದಿಲ್ಲ."

"ದಾರಕ್ಕನಿಗೆ ಬಂಗುಡೆ ಇಷ್ಟವಾ?"

"ಮತ್ತೆಂತ? ಜನ್ಮ ಇಡೀ ಈ ಮನೆಯಲ್ಲಿ ಬಂಗುಡೆಯೇ ಬೆಂದದ್ದು ಮಾರಾಯ."

ಬಾವಿಯ ರಾಟೆ ನಿಂತಿತು.

"ಪುಚ್ಚೇ," ಎಂದಳು ಪುಷ್ಪಾವತಿ. "ನಿನಗೂ ಬಂಗುಡೆಯ ತಲೆಯೇ ಅಲ್ವಾ ಸಿಗುವುದು? ನೀನು ಸತ್ತ ಮೇಲೆ ನಿನಗೂ ತಲೆಯೇ ಇಷ್ಟ ಅಂತ ಹೇಳ್ತಾರೆ. ಮಧ್ಯದ ತುಂಡು ಯಾರ ಬಟ್ಟಲಿಗೆ ಹೋಗ್ತಿತ್ತು ಅಂತ ಕೇಳುವವರಿಲ್ಲ."

ಹೊನ್ನಯ್ಯ ಎದ್ದ. ಮಂಡಿಯ ನೋವು ಅವನಿಗೆ ಗೊತ್ತಾಗಲಿಲ್ಲ. "ಎಂತ ಹೇಳಿದ್ದು ನೀನು? ಬೆಕ್ಕಿಗೆ ಬೇಡ, ನನಗೆ ಹೇಳು!"

"ನಂಗೆ ದೋಣಿಯ ಹತ್ರ ಸ್ವಲ್ಪ ಕೆಲಸ ಉಂಟು," ಎಂದು ಮುದ್ದಣ್ಣ ಬಲೆಯನ್ನು ಅಲ್ಲೇ ಬಿಟ್ಟು ಹೋದ.

ಪುಷ್ಪಾವತಿ ಕೊಡಪಾನವನ್ನು ಕಟ್ಟೆಯ ಮೇಲಿಟ್ಟಳು. "ಹೇಳ್ತೇನೆ ಮಾವ. ನೀವು ಒಂದು ದಿನ ಅತ್ತೆಯ ಬಟ್ಟಲು ನೋಡಿದ್ದುಂಟಾ? ನಿಮಗೆ ಬಡಿಸಿ, ಮಗನಿಗೆ ಬಡಿಸಿ, ಆಮೇಲೆ ಬಿಸಲೆ ಒರಸಿ ಉಂಡವರು ಅವರು. ನಿನಗೆ ಎಂತ ಇಷ್ಟ ಅಂತ ಕೇಳಿದ್ದುಂಟಾ?"

"ಬಾಯಿ ಮುಚ್ಚು."

"ಮರುವಾಯಿ. ಅತ್ತೆಗೆ ಇಷ್ಟ ಮರುವಾಯಿ. ನೀವು ಬಲೆಯೊಟ್ಟಿಗೆ ಹೋದ ದಿನ ನಾವಿಬ್ಬರು ಹೊಳೆಗೆ ಇಳಿಯುವುದು. ಹಿತ್ತಿಲಿನಲ್ಲಿ ಬೇಯಿಸಿ ತಿಂದು, ಚಿಪ್ಪನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚುವುದು. ಕಳ್ಳರ ಹಾಗೆ. ಆ ದಿನ ಮುಚ್ಚಲಿಕ್ಕೆ ಪುರುಸೊತ್ತಾಗಲಿಲ್ಲ. ಅಷ್ಟೇ."

"ಪಥ್ಯದವಳಿಗೆ ನೀನು—"

"ಕೊಟ್ಟದ್ದು ನಾನೇ. ಕೈ ಹಿಡಿದು ಕೇಳಿದರು. ಇನ್ನೊಮ್ಮೆ ಕೇಳಿದರೂ ಕೊಡ್ತೇನೆ." ಅವಳು ಕೊಡಪಾನ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಬಂಗುಡೆ ಬಡಿಸಿ ನೀವು. ಬಂದವರು ನಿಮ್ಮ ಮುಖ ನೋಡಿ, ತಲೆ ಚೀಪಿ ಹೋಗ್ತಾರೆ. ರೂಢಿ ಉಂಟು ಅವರಿಗೆ."

ಆ ದಿನ ಕೊಟ್ಟಿಗೆಯಲ್ಲಿ ಹೊಗೆ ಏಳಲಿಲ್ಲ. ಸಂಜೆಯ ಬಿಸಿಲಿನಲ್ಲಿ ಹೊನ್ನಯ್ಯ ಹಾರೆ ಹಿಡಿದು ಹಿತ್ತಿಲಿಗೆ ಹೋದ. ಬಾಳೆಯ ಬುಡದಲ್ಲಿ ಮಣ್ಣು ಸ್ವಲ್ಪ ಉಬ್ಬಿತ್ತು. ಅಗೆದ. ಮೊದಲ ಏಟಿಗೇ ಹಾರೆ ಕರಕರ ಎಂದಿತು. ಮೇಲಿನ ಚಿಪ್ಪುಗಳಲ್ಲಿ ಇನ್ನೂ ಹೊಳಪು ಇತ್ತು, ಅಂಚಿನಲ್ಲಿ ನೇರಳೆಯ ಗೆರೆ ಇತ್ತು. ಅವುಗಳ ಕೆಳಗೆ ಮಣ್ಣಿನ ಒಂದು ಪದರ. ಅದರ ಕೆಳಗೆ ಮತ್ತೆ ಚಿಪ್ಪು, ಬಿಳುಚಿದ್ದು. ಅದರ ಕೆಳಗೆ ಮತ್ತೂ. ಕಿಟ್ಟಣ್ಣನಿಗೆ ಮದುವೆಯಾಗಿ, ಸೊಸೆ ಈ ಮನೆಗೆ ಬಂದು, ಬಹಳ ವರ್ಷವೇನೂ ಆಗಿರಲಿಲ್ಲ. ಹೊನ್ನಯ್ಯ ಮಂಡಿಯೂರಿ ಕೈಯಿಂದಲೇ ಬಗೆದ. ತಳದವು ಕೈ ತಾಗಿದ ಕೂಡಲೇ ಸುಣ್ಣದ ಹಾಗೆ ಪುಡಿಯಾದವು. ಅವನು ಆ ಬಿಳಿಯ ಕೈಗಳನ್ನು ನೋಡುತ್ತ ಕತ್ತಲಾಗುವವರೆಗೆ ಅಲ್ಲೇ ಕುಳಿತ. ಆಮೇಲೆ ಇದ್ದ ಹಾಗೆಯೇ ಪದರ ಪದರವಾಗಿ ಮಣ್ಣು ಮುಚ್ಚಿದ.

ಅಮಾಸೆಯ ಬೆಳಗಿನ ಇಳಿತಕ್ಕೆ ಹೊಳೆ ಬಹಳ ದೂರ ಸರಿದಿತ್ತು. ಮಸುಕು ಬೆಳಕಿನಲ್ಲಿ ಹೆಂಗಸರು ಸೀರೆ ಎತ್ತಿಕಟ್ಟಿ, ಬಗ್ಗಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೆಕ್ಕುತ್ತಿದ್ದರು. ಬುಟ್ಟಿ ಹಿಡಿದು ಬಂದ ಹೊನ್ನಯ್ಯನನ್ನು ಮೊದಲು ಕಂಡವಳು ಮೋಹಿನಿ. ಹೊಳೆಬದಿಯ ಹೆಂಗಸು, ಬಾಯಿಗೆ ಬೀಗವಿಲ್ಲದವಳು.

"ಓ ತಂಡೇಲರೇ, ದಾರಿ ತಪ್ಪಿತಾ? ಕಡಲು ಆಚೆ ಕಡೆ ಉಂಟು!"

ಹೊಳೆಯಿಡೀ ನಗು ಹರಡಿತು. ಅವನು ನೀರಿಗಿಳಿದ. ಅಲೆಯೆದುರು ನಿಲ್ಲುತ್ತಿದ್ದ ಕಾಲುಗಳು ಕೆಸರಿನಲ್ಲಿ ಜಾರಿದವು.

"ಕೂಗಿ ನೋಡಿ ಒಮ್ಮೆ! ನಿಮ್ಮ ಸ್ವರಕ್ಕೆ ಮರುವಾಯಿ ಎಲ್ಲ ಸಾಲು ಕಟ್ಟಿ ಬರ್ತದೆ!" ಎಂದಳು ಇನ್ನೊಬ್ಬಳು.

"ಕಣ್ಣಲ್ಲಿ ಹುಡುಕಿದರೆ ಸಿಗುವುದಿಲ್ಲ," ಎಂದಳು ಮೋಹಿನಿ. "ಪಾದದಲ್ಲಿ ನೋಡಬೇಕು. ಗಟ್ಟಿ ತಾಗಿದಲ್ಲಿ ಬಗ್ಗಬೇಕು. ಬಗ್ಗಿ ಅಭ್ಯಾಸ ಉಂಟಾ ನಿಮಗೆ?" ಸ್ವಲ್ಪ ಹೊತ್ತು ನೋಡಿ, ಅವನು ನಿಜಕ್ಕೂ ಬಗ್ಗಿದ್ದನ್ನು ಕಂಡು, ಸ್ವರ ತಗ್ಗಿಸಿದಳು, ಮಾತಿನ ಮುಳ್ಳನ್ನು ತೆಗೆಯಲಿಲ್ಲ. "ದಾರಕ್ಕ ನಿಲ್ಲುತ್ತಿದ್ದದ್ದು ಅಲ್ಲಿ, ಆ ಕಲ್ಲಿನ ಆಚೆ. ಹಾಡ್ತಾ ಹೆಕ್ಕುವುದು. ಮನೆಯಲ್ಲಿ ಹಾಡ್ಲಿಕ್ಕೆ ಆಗ್ತದಾ ಪಾಪ."

ದಾರು ಹಾಡುತ್ತಿದ್ದಳೆಂಬುದು ಹೊನ್ನಯ್ಯನಿಗೆ ಗೊತ್ತಿರಲಿಲ್ಲ. ಅವನು ಆ ಕಲ್ಲಿನ ಆಚೆ ಹೋಗಿ, ಪಾದದಿಂದ ತಡವಿ, ಬಗ್ಗಿ, ಹೆಕ್ಕಿದ. ಭರತ ಏರಿ ನೀರು ತೊಡೆಗೆ ಬಂದಾಗ ಬುಟ್ಟಿ ಅರ್ಧ ತುಂಬಿತ್ತು. ಹೆಂಗಸರು ಆಗಲೇ ಮನೆ ಸೇರಿದ್ದರು.

ಬಾವಿಯ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದ. ಕೆಸರು ಹೋಗಿ ಚಿಪ್ಪುಗಳು ಪಳಪಳ ಹೊಳೆದವು. ಇದಕ್ಕಿಂತ ಶುದ್ಧ ಮಾಡಲಿಕ್ಕೆ ಯಾರಿಂದ ಸಾಧ್ಯ ಎಂದು ಅವನಿಗೆ ತೋರಿತು. ತೆಂಗಿನಕಾಯಿ, ಮೆಣಸು, ಕೊತ್ತಂಬರಿ ಹುರಿದು ನುಣ್ಣಗೆ ಅರೆದ. ಈಗ ಅವನ ಕೈ ಕಲ್ಲಿನ ಮೇಲೆ ತಪ್ಪುತ್ತಿರಲಿಲ್ಲ. ಕೊತ್ತಳಿಗೆಯ ಹದ ಬೆಂಕಿ. ಬಿಸಲೆ ಕಾದಿತು. ಬುಟ್ಟಿಯನ್ನು ಎತ್ತಿದ.

ಹಿತ್ತಿಲಿನಿಂದ ಬಾಳೆಎಲೆ ಕೊಯ್ದು ಬರುತ್ತಿದ್ದ ಪುಷ್ಪಾವತಿ ಅಂಗಳದ ನಡುವೆ ನಿಂತಳು. ಹೊಳೆಯಿಂದ ತಂದ ಮರುವಾಯಿಯನ್ನು ಉಪ್ಪುನೀರಿನಲ್ಲಿ ಒಂದು ಹಗಲಾದರೂ ಮುಳುಗಿಸಿ ಇಡಬೇಕು. ಆಗ ಅದು ತಾನಾಗಿ ಬಾಯಿ ತೆರೆದು ಒಳಗಿನ ಮರಳನ್ನು ಕಕ್ಕುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಒಳಗಿನದು ಹೋಗದು. ಹೊಳೆಯ ಬದಿಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿ ಕಲಿಸುವುದಿಲ್ಲ, ಅದಕ್ಕೇ ಬೆಳಿಗ್ಗೆ ಹೊಳೆಯಲ್ಲಿ ಯಾರೂ ಹೇಳಿರಲಿಲ್ಲ.

"ಪುಚ್ಚೇ," ಎಂದಳು.

ಹೊನ್ನಯ್ಯನ ಕೈ ನಿಂತಿತು. ಅವನು ತಿರುಗಲಿಲ್ಲ, ಆದರೆ ಬುಟ್ಟಿಯನ್ನು ಬಿಸಲೆಯ ಮೇಲೆ ಹಾಗೆಯೇ ಹಿಡಿದು ಕಾದ. ಬೆಕ್ಕು ಕೂಡ ತಲೆಯೆತ್ತಿ ಅವಳ ಮುಖ ನೋಡಿತು.

ಇನ್ನೂ ಇಡೀ ಹಗಲು ಮುಂದಿತ್ತು. ಬಡಿಸುವುದು ಸಂಜೆಗೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಪುಷ್ಪಾವತಿ ಆ ಬಗ್ಗಿದ ಬೆನ್ನನ್ನು ನೋಡಿದಳು. ಇವರ ಬಾಯಿಂದಲೇ ಅಲ್ಲವೇ, ಇದೇ ಅಂಗಳದಲ್ಲಿ, ಊರಿನವರ ಕಿವಿಗೆ ಬೀಳುವ ಹಾಗೆ ಆ ಶಬ್ದ ಹೊರಟದ್ದು. ಕೊಂದವಳಿಂದ ಇವರಿಗೆ ಎಂತ ಕಲಿಯಲಿಕ್ಕುಂಟು?

"ದಾರಿಯಲ್ಲಿ ಕೂರಬೇಡ. ಆಚೆ ಹೋಗು," ಎಂದು ಬೆಕ್ಕಿಗೆ ಹೇಳಿ, ಎಲೆ ಹಿಡಿದುಕೊಂಡು ಒಳಗೆ ನಡೆದಳು.

ಹಿಂದೆ ಬಿಸಲೆಗೆ ಚಿಪ್ಪು ಸುರಿದ ಸದ್ದು ಕೇಳಿತು.

ಸಂಜೆ ಒಳಕೋಣೆಯಲ್ಲಿ ಎಲೆ ಹಾಕಿ, ದಾರುವಿನ ಸೀರೆಯನ್ನು ಮಡಿಚಿ ಮಣೆಯ ಮೇಲಿಟ್ಟು, ಹೊನ್ನಯ್ಯನೇ ಬಡಿಸಿದ. ಅನ್ನ, ಅದರ ಪಕ್ಕ ಮರುವಾಯಿ, ಒಂದು ಲೋಟ ನೀರು, ವೀಳ್ಯ. ದೀಪವನ್ನು ಸರಿಮಾಡಿ, "ಬಾ ದಾರು. ನಿನ್ನದೇ ಬೇಯಿಸಿದ್ದೇನೆ. ಹೆದರಬೇಡ, ಉಣ್ಣು," ಎಂದು ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲ ಹೇಳಿ, ಬಾಗಿಲು ಎಳೆದ.

ಮೂವರೂ ಜಗಲಿಯಲ್ಲಿ ಕುಳಿತರು. ಕಿಟ್ಟಣ್ಣ ಕಂಬಕ್ಕೆ ಒರಗಿದ್ದ. ಪುಷ್ಪಾವತಿ ಗೋಡೆಯ ಕಡೆ ಮುಖ ಮಾಡಿದ್ದಳು. ಕಡಲು ದೂರದಲ್ಲಿ ಉಸಿರೆಳೆಯುತ್ತಿತ್ತು. ಸಾಕಷ್ಟು ಹೊತ್ತಾದ ಮೇಲೆ ಹೊನ್ನಯ್ಯ ಎದ್ದು ಬಾಗಿಲು ತಟ್ಟಿದ, ಕೆಮ್ಮಿದ, ನಿಂತ, ತೆರೆದ. ದೀಪ ನೇರವಾಗಿ ಉರಿಯುತ್ತಿತ್ತು. ಎಲೆಯಲ್ಲಿ ಏನೂ ಕದಲಿದ ಹಾಗೆ ಕಾಣಲಿಲ್ಲ.

ಎಲೆಯದ್ದನ್ನು ಅವನೇ ಹಂಚಿದ. ಪುಷ್ಪಾವತಿಯ ಪಾಲನ್ನು ಬಟ್ಟಲಿನಲ್ಲಿ ಹಾಕಿ ನೆಲದ ಮೇಲೆ ಅವಳ ಕಡೆಗೆ ದೂಡಿದ. ಮೊದಲ ತುತ್ತು ಹಿರಿಯನದು. ಬಾಯಿಗಿಟ್ಟ. ಖಾರ ಹದವಾಗಿತ್ತು, ಉಪ್ಪು ಸರಿಯಾಗಿತ್ತು. ಕಚ್ಚಿದ.

ಮರಳು.

ಹಲ್ಲುಗಳ ನಡುವೆ ಹೊಳೆಯೇ ಪುಡಿಯಾದಂತೆ ಕರಕರ ಎಂದಿತು. ಕಿಟ್ಟಣ್ಣನ ದವಡೆಯೂ ನಿಂತಿತು. ಅವನು ಅಪ್ಪನನ್ನು ನೋಡಿದ, ಉಗುಳಲಾರದೆ ನುಂಗಿದ. ಹೊನ್ನಯ್ಯ ಎಲೆಯನ್ನು ನೋಡಿದ, ಮಣೆಯ ಮೇಲಿನ ಸೀರೆಯನ್ನು ನೋಡಿದ. ಆಮೇಲೆ ಸೊಸೆಯ ಕಡೆ ತಿರುಗಿದ. ಅವಳು ತಲೆ ತಗ್ಗಿಸಿ ಒಂದೊಂದೇ ತುತ್ತು ಅಗಿಯುತ್ತಿದ್ದಳು. ಆ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು. ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಬಟ್ಟಲು ಮುಗಿದ ಮೇಲೆ ಕೈ ಚಾಚಿ, ಎಲೆಯಲ್ಲಿ ಉಳಿದಿದ್ದ ರಸವನ್ನೂ ಅದರ ತಳದ ಮರಳನ್ನೂ ಬೆರಳಿನಿಂದ ಬಳಿದು ತಿಂದಳು.

"ಗೊತ್ತಿತ್ತು ನಿನಗೆ," ಎಂದ ಹೊನ್ನಯ್ಯ.

"ಗೊತ್ತಿತ್ತು."

"ಹೇಳಲಿಲ್ಲ."

"ನೀವು ಕೇಳಲಿಲ್ಲ."

"ಬಂದವಳಿಗೆ ಮರಳು ಬಡಿಸಿದ ಹಾಗಾಯ್ತು."

ಅವಳ ತುಟಿಯಲ್ಲಿ ಒಂದು ಮರಳಿನ ಕಾಳು ಅಂಟಿಕೊಂಡಿತ್ತು.

"ಮರಳು ತಾನೇ ಅಪ್ಪ," ಎಂದ ಕಿಟ್ಟಣ್ಣ. "ಅಮ್ಮ ಎಂತ ತಪ್ಪು ಗ್ರಹಿಸ್ಲಿಕ್ಕಿಲ್ಲ. ಬಿಡಿ ಈಗ ಇಬ್ಬರೂ."

"ನೀನು ಸುಮ್ಮನಿರು!" ಎಂದರು ಇಬ್ಬರೂ ಒಟ್ಟಿಗೇ. ಆಮೇಲೆ ಒಟ್ಟಿಗೆ ಹೇಳಿದ್ದಕ್ಕೆ ಇನ್ನಷ್ಟು ಸಿಟ್ಟಾಗಿ ಒಬ್ಬರು ಕೊಟ್ಟಿಗೆಗೆ, ಒಬ್ಬರು ಅಡಿಗೆಮನೆಗೆ ಎದ್ದು ಹೋದರು.

ಅಮಾಸೆಗೆ ತಪ್ಪಿದರೆ ಪಾಡ್ಯಕ್ಕೆ, ಪಾಡ್ಯಕ್ಕೂ ಆಗದಿದ್ದರೆ ಬಿದಿಗೆಗೆ ಬಡಿಸುವ ಮನೆಗಳೂ ಉಂಟು. ಮರುದಿನ ಬೆಳಗಿನ ಇಳಿತಕ್ಕೆ ಹೊನ್ನಯ್ಯ ಮತ್ತೆ ಹೊಳೆಗೆ ಹೋದ. ಮೋಹಿನಿ ಏನೋ ಕೂಗಿದಳು; ಅವನಿಗೆ ಕೇಳಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಬುಟ್ಟಿಯೊಡನೆ ಮರಳಿದ.

ಪುಷ್ಪಾವತಿ ಬಾವಿಯ ಪಕ್ಕದಲ್ಲಿ ಕೂತು ಕತ್ತಿಯಿಂದ ಕೊತ್ತಳಿಗೆ ಸಿಗಿಯುತ್ತಿದ್ದಳು. ಅವಳು ತಲೆಯೆತ್ತಲಿಲ್ಲ. ಬಾವಿಕಟ್ಟೆಯ ಬುಡದಲ್ಲಿ, ನಿನ್ನೆ ಇಲ್ಲದ ಒಂದು ಮರದ ಮರಿಗೆ ಇತ್ತು. ತೊಳೆದು ಬೋರಲು ಹಾಕಿದ್ದು. ಅವನು ಅದನ್ನು ಮಗುಚಿದ; ಒಳಗೆಲ್ಲ ಹಳೆಯ ಉಪ್ಪಿನ ಬಿಳಿ ಗೆರೆ. ನೀರು ಸೇದಿ ತುಂಬಿದ. ಮರುವಾಯಿಯನ್ನು ಅದರಲ್ಲಿ ಬಿಟ್ಟ. ಕೊಟ್ಟಿಗೆಗೆ ಹೋಗಿ ಉಪ್ಪಿನ ಗೆರಟೆ ಹಿಡಿದು ಬಂದು ನಿಂತ.

ತೆಂಗಿನ ಕಾಂಡದ ಕಡೆ ನೋಡಿದ. ಬೆಕ್ಕು ಅಲ್ಲಿರಲಿಲ್ಲ. ಹಬ್ಬದ ಮೀನಿನ ವಾಸನೆ ಹಿಡಿದು ಎಲ್ಲಿಗೋ ಹೋಗಿತ್ತು.

ಕತ್ತಿಯ ಸದ್ದು ಕೇಳುತ್ತಲೇ ಇತ್ತು. ಅವನು ಮರಿಗೆಯನ್ನು ನೋಡುತ್ತ ನಿಂತ. ಗಂಟಲು ಸರಿಮಾಡಿಕೊಂಡ.

"ಉಪ್ಪು ಎಷ್ಟು?" ಎಂದ.

ಕತ್ತಿ ಒಂದು ಸಲ ಬಿತ್ತು, ಇನ್ನೊಂದು ಸಲ ಬಿತ್ತು.

"ಕಡಲಿನಷ್ಟು," ಎಂದಳು ಪುಷ್ಪಾವತಿ. ಅವಳು ತಿರುಗಲಿಲ್ಲ.

ಅವನು ಒಂದು ಹಿಡಿ ಹಾಕಿ, ಕದಡಿ, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದ. ಸಾಲದು. ಮತ್ತೊಂದು ಹಿಡಿ ಹಾಕಿ ನೋಡಿದ. ಇನ್ನೂ ಸಾಲದು. ಚೂರು ಚೂರೇ ಉದುರಿಸುತ್ತ, ನಾಲಗೆ ಹೌದು ಎನ್ನುವವರೆಗೆ ಬೆರಳು ಅದ್ದುತ್ತಲೇ ಇದ್ದ. ಆಮೇಲೆ ಗೆರಟೆಯನ್ನು ಕೆಳಗಿಟ್ಟು, ಸೋತ ಮಂಡಿಯನ್ನು ಮಡಚಿ ಮರಿಗೆಯ ಪಕ್ಕದಲ್ಲಿ ಕುಳಿತ.

ಬಹಳ ಹೊತ್ತು ಏನೂ ಆಗಲಿಲ್ಲ. ಚಿಪ್ಪುಗಳು ನೀರಿನ ತಳದಲ್ಲಿ ಬಿಗಿಯಾಗಿ ಮುಚ್ಚಿಕೊಂಡೇ ಇದ್ದವು. ಬಿಸಿಲು ಮರಿಗೆಯ ಅಂಚು ದಾಟಿ ನೀರಿನ ಮೇಲೆ ಬಿತ್ತು. ಆಗ ಒಂದು ಮೂಲೆಯಲ್ಲಿದ್ದದ್ದು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಅದರೊಳಗಿನಿಂದ ಸಣ್ಣ ಮರಳಿನ ಒಂದು ಎಳೆ ಹೊರಟು, ನೀರಿನಲ್ಲಿ ತೇಲಿ, ನಿಧಾನವಾಗಿ ಕೆಳಗೆ ಕುಳಿತಿತು. ಅದರ ಪಕ್ಕದಲ್ಲಿ ಇನ್ನೊಂದು ತೆರೆಯಿತು.

ಕತ್ತಿಯ ಸದ್ದು ನಿಂತಿತ್ತು.